ಊರು ಒಂದೇ, ಬಸ್ಸು ಮಾತ್ರ ಬೇರೆ ಬೇರೆ

ಶಿಡ್ಲಘಟ್ಟ ಅಂದ್ರೆ ರೇಷ್ಮೆ, ಹಾಲು. ಆ ತಾಲ್ಲೂಕಿನ ಮಳ್ಳೂರಿಗೆ ಇನ್ನೂ ಒಂದು ಕತೆಯಿದೆ. 1973ರಲ್ಲಿ ಅಲ್ಲಿನ ಹಾಲು ಸಹಕಾರ ಸಂಘವೂ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜೂ ಸೇರಿ ಆರೋಗ್ಯ ಸಹಕಾರಿ ಕೇಂದ್ರವೊಂದನ್ನು ಶುರು ಮಾಡಿದವು. ಡಾಕ್ಟರುಗಳು ಕಾಲೇಜಿನವರು, ದುಡ್ಡು ಹಾಲಿನದು. ಡೈರಿಗೆ ಹಾಲು ಹಾಕುವವರೇ ಖರ್ಚು ಹೊತ್ತ ಮೇಲೆ "ಡಾಕ್ಟ್ರು ಯಾಕೆ ಬಂದಿಲ್ಲ?" ಅಂತ ಕೇಳುವ ಹಕ್ಕೂ ಅವರದೇ ಅಲ್ವಾ? ಆಗಿನ್ನೂ ಅದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ.

ಡಾಕ್ಟರಾಗುವವರು ಹಳ್ಳಿಯಲ್ಲೂ ಕಲಿಯಬೇಕು ಅನ್ನುವ ಮಾತು ಮಳ್ಳೂರಿಗಿಂತ ಹಳೆಯದು. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ವರದಿ ಕೊಟ್ಟ 1946ರ ಭೋರ್ ಸಮಿತಿ ಜನರ ನಡುವೆ ನಿಲ್ಲುವ ಡಾಕ್ಟರ್ ಬೇಕು ಎಂದಿತ್ತು. 1975ರಲ್ಲಿ ವೈದ್ಯಕೀಯ ಶಿಕ್ಷಣದ ಬಗ್ಗೆ ವರದಿ ಕೊಟ್ಟ ಶ್ರೀವಾಸ್ತವ ಸಮಿತಿ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿತು. 1977ರಲ್ಲಿ ಮೆಡಿಕಲ್ ಕಾಲೇಜುಗಳಿಗೆ ಹಳ್ಳಿಗಾಡಿನ ಬ್ಲಾಕುಗಳನ್ನು ಒಪ್ಪಿಸುವ 'ರೋಮ್' ಯೋಜನೆ ಬಂತು. 2022ರಿಂದ ಎಂಬಿಬಿಎಸ್ ಹುಡುಗರು ಮೊದಲ ವರ್ಷದಲ್ಲೇ ಹಳ್ಳಿಯ ಕೆಲವು ಕುಟುಂಬಗಳನ್ನು 'ದತ್ತು' ತಗೋಬೇಕು. ದತ್ತು ಅನ್ನೋ ಪದ ನನಗೆ ಅಷ್ಟು ಹಿಡಿಸಲ್ಲ. ಕಲಿಸುವವರು ಆ ಮನೆಯವರು, ಕಲಿಯುವವರು ಈ ಹುಡುಗರು. ಯಾರು ಯಾರಿಗೆ ದತ್ತು?

ಹಳ್ಳಿಗೆ ಹೋಗೋದೇನೋ ಆಯ್ತು. ಆದರೆ ಹೋಗೋದು ಬೇರೆ ಬೇರೆ ಬಸ್ಸಲ್ಲಿ. ಮೆಡಿಕಲ್‌ನವರು ಒಂದು ದಿನ, ನರ್ಸಿಂಗ್‌ನವರು ಇನ್ನೊಂದು ದಿನ. ಬೇರೆ ಬೇರೆ ಕಸುಬಿನವರು ಒಬ್ಬರಿಂದೊಬ್ಬರು, ಒಟ್ಟಿಗೆ ಕಲಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ.

ಫ್ಲೋರೈಡನ್ನೇ ನೋಡಿ. ಬಾಗೇಪಲ್ಲಿ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಇದು ಜಾಸ್ತಿ. ಹೆಚ್ಚಾದರೆ ಹಲ್ಲು, ಮೂಳೆ ಎರಡನ್ನೂ ಕೆಡಿಸುತ್ತದೆ. ಮಗುವಿನ ಹಲ್ಲಿನ ಕಂದು ಕಲೆ ದಂತವೈದ್ಯರ ಕಣ್ಣಿಗೆ ಬೀಳುತ್ತದೆ. ಅಜ್ಜನ ಬಗ್ಗದ ಬೆನ್ನು ಡಾಕ್ಟರ ಕಣ್ಣಿಗೆ. ಮನೆಯವರು ಶುದ್ಧ ನೀರಿನ ಘಟಕಕ್ಕೆ ಹೋಗ್ತಾರೋ, ಸುಮ್ನೆ ನಲ್ಲಿ ನೀರೇ ಕುಡೀತಾರೋ ಅನ್ನೋದು ಆಶಾ ಕಾರ್ಯಕರ್ತೆಗೆ ಗೊತ್ತು. ಯಾವ ಬೋರ್‌ವೆಲ್ ನೀರು ಯಾವ ಬೀದಿಗೆ ಅನ್ನೋದು ನೀರುಗಂಟಿಗೆ ಗೊತ್ತು. ಈ ನಾಲ್ವರನ್ನೂ ಒಂದೇ ಜಗುಲಿಯಲ್ಲಿ ಕೂರಿಸಿದರೆ ಹಲ್ಲಿನ ಕಲೆ, ಬೆನ್ನುನೋವು ಎರಡೂ ಒಂದೇ ಕೊಡದಿಂದ ಬಂದವು ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ವಿದ್ಯಾರ್ಥಿಗಳಿಗೆ ಮನೆ ತೋರಿಸೋದು ಆಶಾನೇ, "ಏನೂ ಆಗಲ್ಲ, ಮಾತಾಡಿ" ಅಂತ ಮನೆಯವರನ್ನು ಒಪ್ಪಿಸೋದೂ ಅವರೇ. ಮಾರ್ಕ್ಸ್ ಹಾಕುವ ದಿನ ಅವರನ್ನೂ ಒಂದು ಮಾತು ಕೇಳಬಹುದು.