ಏನೂ ಆಗದ ದಿನಕ್ಕೂ ಒಂದು ಚುಕ್ಕೆ

ಗ್ರಾಫ್ ಹಾಳೆ ಕೊಟ್ಟರೆ ಏಳನೇ, ಎಂಟನೇ ತರಗತಿಯ ಮಕ್ಕಳು ಚುಕ್ಕೆ ಇಡುವುದನ್ನು ಬೇಗ ಕಲಿಯುತ್ತಾರೆ. ಅಡ್ಡ ಗೆರೆಯ ಮೇಲೆ ಎತ್ತರ, ಉದ್ದ ಗೆರೆಯ ಮೇಲೆ ತೂಕ. ಒಂದು ಹೆಚ್ಚಿದರೆ ಇನ್ನೊಂದೂ ಹೆಚ್ಚುತ್ತದೆ ಅಂತ ಚುಕ್ಕೆಗಳ ಸಾಲು ನೋಡಿಯೇ ಹೇಳುತ್ತಾರೆ. ಇದರಲ್ಲಿ ಕಷ್ಟವೇನೂ ಇಲ್ಲ. ನಾವು ಕಲಿಸದೆ ಬಿಡುವುದು ಬೇರೆಯೇ ಇದೆ. ಹಾಳೆಯ ಮೇಲೆ ಬರಬೇಕಿದ್ದ ಯಾವ ಚುಕ್ಕೆ ಬಂದೇ ಇಲ್ಲ ಅಂತ ಕೇಳುವುದು. ಇದನ್ನು ಕಲಿಸೋಕೆ ಚಾಲೆಂಜರ್ ಕಥೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡಿಗೆ ಚೂರಾಯಿತು. ಏಳು ಜನ ಸತ್ತರು. ನೌಕೆಯ ಪಕ್ಕದ ಬೂಸ್ಟರ್ ರಾಕೆಟ್ಟು ಒಂದೇ ಉದ್ದ ಕೊಳವೆಯಲ್ಲ, ತುಂಡು ತುಂಡಾಗಿ ಜೋಡಿಸಿದ್ದು. ಆ ಜೋಡಣೆಯ ಸಂದಿಯಿಂದ ಬಿಸಿ ಅನಿಲ ಹೊರಬರದ ಹಾಗೆ ರಬ್ಬರಿನ ಓ-ರಿಂಗ್ ಹಾಕಿರುತ್ತಾರೆ. ಕುಕ್ಕರಿನ ಮುಚ್ಚಳಕ್ಕೆ ಗ್ಯಾಸ್ಕೆಟ್ ಹಾಕುವ ಹಾಗೆ. ಬೂಸ್ಟರ್ ಹೊತ್ತಿಕೊಂಡಾಗ ಒತ್ತಡಕ್ಕೆ ಸಂದಿ ಕೂದಲೆಳೆಯಷ್ಟು ಅಗಲವಾಗುತ್ತದೆ. ಒತ್ತಿ ಕೂರಿಸಿದ್ದ ರಬ್ಬರು ಆ ಕ್ಷಣದಲ್ಲೇ ಹಿಗ್ಗಿ ಜಾಗ ತುಂಬಬೇಕು. ಚಳಿಯಲ್ಲಿ ರಬ್ಬರು ಗಡುಸಾಗುತ್ತದೆ. ಹಿಗ್ಗುತ್ತದೆ, ಆದರೆ ತಡವಾಗಿ. ಅಷ್ಟರಲ್ಲಿ ಅನಿಲ ನುಗ್ಗಿರುತ್ತದೆ.

ಈ ಅಪಾಯ ಯಾರಿಗೂ ಹೊಳೆದಿರಲಿಲ್ಲ ಅಂತಲ್ಲ. ಇಷ್ಟು ಚಳಿಯಲ್ಲಿ ಹಾರಿಸಬೇಡಿ ಅಂತ ಬೂಸ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ ನಾಸಾಕ್ಕೆ ಫೋನಿನಲ್ಲಿ ಹೇಳಿದ್ದರು. ಆದರೆ ಆ ಚರ್ಚೆಯಲ್ಲಿ ಹೋಲಿಸಿ ನೋಡಿದ್ದು ರಿಂಗಿಗೆ ತೊಂದರೆಯಾದ ಹಾರಾಟಗಳನ್ನು ಮಾತ್ರ. ಅಂಥವು ಒಟ್ಟು ಏಳು. ಒಂದು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇನ್ನೊಂದು 24 ಡಿಗ್ರಿಯಲ್ಲಿ, ಉಳಿದವು ನಡುವೆ. ಚಳಿಯಿದ್ದಾಗಲೂ ತೊಂದರೆ, ಬೆಚ್ಚಗಿದ್ದಾಗಲೂ ತೊಂದರೆ. ಹಾಗಿದ್ದರೆ ಚಳಿಯದ್ದೇ ತಪ್ಪು ಅಂತ ಹೇಗೆ ಹೇಳುವುದು, ಅಲ್ವಾ?

ತೊಂದರೆಯೇ ಆಗದ 17 ಹಾರಾಟಗಳನ್ನು ಸೇರಿಸಿ ನೋಡಿದರೆ ಚಿತ್ರ ಪೂರ್ತಿ ಬದಲಾಗುತ್ತದೆ. 18 ಡಿಗ್ರಿಗಿಂತ ಕೆಳಗೆ ನಾಲ್ಕು ಹಾರಾಟ, ನಾಲ್ಕರಲ್ಲೂ ತೊಂದರೆ. ಅದಕ್ಕಿಂತ ಮೇಲೆ 20 ಹಾರಾಟ, ಮೂರರಲ್ಲಿ ಮಾತ್ರ ತೊಂದರೆ. ಅಪಘಾತದ ನಂತರ ತನಿಖಾ ಆಯೋಗದ ವರದಿ ತೋರಿಸಿದ್ದು ಇದನ್ನೇ. ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಇನ್ನೊಂದು ಕೆಲಸ ಮಾಡಿದರು. ವಿಚಾರಣೆಯ ಮೇಜಿನ ಮೇಲೇ ರಬ್ಬರಿನ ತುಂಡನ್ನು ಕ್ಲಾಂಪಿನಲ್ಲಿ ಬಿಗಿದು ಐಸ್ ನೀರಿನಲ್ಲಿ ಮುಳುಗಿಸಿದರು. ಕ್ಲಾಂಪ್ ತೆಗೆದ ಮೇಲೂ ರಬ್ಬರು ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಎರಡು ಸಂಗತಿ ಒಟ್ಟೊಟ್ಟಿಗೆ ನಡೆಯುತ್ತವೆ ಅಂತ ಗ್ರಾಫ್ ಹೇಳುತ್ತದೆ. ಯಾಕೆ ಅಂತ ಹೇಳೋಕೆ ಇಂಥ ಪ್ರಯೋಗವೇ ಬೇಕು.

ತರಗತಿಯಲ್ಲಿ ಈ ಪಾಠ ಮಾಡುವಾಗ ಅಡ್ಡ ಗೆರೆಯ ಮೇಲೆ ಉಷ್ಣಾಂಶ, ಉದ್ದ ಗೆರೆಯ ಮೇಲೆ ತೊಂದರೆಗಳ ಎಣಿಕೆ ಇಟ್ಟು ಮೊದಲು ಏಳು ಚುಕ್ಕೆ ಮಾತ್ರ ಕೊಡಿ. ಮಕ್ಕಳು ತಲೆ ಕೆರೆದುಕೊಳ್ಳಲಿ, ವಾದ ಮಾಡಲಿ. ಆಮೇಲೆ ಉಳಿದ 17 ಚುಕ್ಕೆ ಇಡಿಸಿ. ಅವು ಸೊನ್ನೆಯ ಗೆರೆಯ ಮೇಲೆ, ಬಲಗಡೆಯೇ ಸಾಲಾಗಿ ಕೂರುತ್ತವೆ. ಇನ್ನೊಂದು ಮಾತು. ಅಡ್ಡ ಗೆರೆಯನ್ನು ಸೊನ್ನೆ ಡಿಗ್ರಿಯಿಂದಲೇ ಶುರು ಮಾಡಿಸಿ. ಚಾಲೆಂಜರ್ ಹಾರಿದಾಗ ಗಾಳಿಯ ಉಷ್ಣಾಂಶ ಸುಮಾರು 2 ಡಿಗ್ರಿ. 12ಕ್ಕಿಂತ ಎಡಕ್ಕೆ ಹಾಳೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ಅಂದರೆ ಅಷ್ಟು ಚಳಿಯಲ್ಲಿ ಏನಾಗುತ್ತದೆ ಅನ್ನುವ ಅನುಭವವೇ ಯಾರಿಗೂ ಇರಲಿಲ್ಲ. ಇದನ್ನು ನೀವು ಹೇಳುವ ಮೊದಲೇ ಮಕ್ಕಳು ಕಾಣಲಿ.

ಇದೇ ಕಣ್ಣು ನಮ್ಮ ಮನೆಗಳಲ್ಲೂ ಬೇಕು. ಅಮಾವಾಸ್ಯೆಯ ದಿನ ಕೆಟ್ಟದ್ದಾಗುತ್ತದೆ, ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಆಗೋದಿಲ್ಲ ಅಂತ ಓದಿದವರೂ ಹೇಳುತ್ತಾರೆ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ. ಚಾಲೆಂಜರ್ ಚರ್ಚೆಯಲ್ಲಿ ಸೊನ್ನೆಗಳನ್ನು ಬಿಟ್ಟಿದ್ದಕ್ಕೆ ಇದ್ದ ನಂಟು ಕಾಣಲಿಲ್ಲ. ಇಲ್ಲಿ ಸೊನ್ನೆಗಳನ್ನು ಬಿಟ್ಟು ಇಲ್ಲದ ನಂಟು ಕಟ್ಟುತ್ತೇವೆ. ಬೆಕ್ಕು ಅಡ್ಡ ಬಂದು ಕೆಲಸ ಕೆಟ್ಟಿದ್ದು ನೆನಪಿರುತ್ತದೆ. ಅಡ್ಡ ಬಂದರೂ ಕೆಲಸ ಆಗಿದ್ದು, ಬರದೆಯೂ ಕೆಟ್ಟಿದ್ದು, ಬರದೆ ಸುಸೂತ್ರವಾಗಿ ಮುಗಿದಿದ್ದು, ಈ ಮೂರನ್ನು ಯಾರು ಲೆಕ್ಕ ಇಡುತ್ತಾರೆ?

ಹಾಗಾಗಿ ಪುಸ್ತಕದಲ್ಲಿ ನಾಲ್ಕು ಮನೆಯ ಕೋಷ್ಟಕ ಹಾಕಿಸಿ, ಈ ನಾಲ್ಕು ಬಗೆಗೆ ಒಂದೊಂದು ಮನೆ. ಬೆಕ್ಕಿನ ವಿಷಯಕ್ಕೆ ಮಕ್ಕಳು ಮುಜುಗರಪಟ್ಟರೆ ಬೇರೆ ಪ್ರಶ್ನೆ ಕೊಡಿ. ಸಂಜೆ ಮೋಡ ಕವಿದರೆ ರಾತ್ರಿ ಮಳೆ ಬರುತ್ತದಾ? ಒಂದು ತಿಂಗಳು ಬರೆಯಲಿ. ಒಂದೇ ನಿಯಮ: ದಿನಾ ಅದೇ ಹೊತ್ತಿಗೆ ಬರೆಯಬೇಕು. ಮೋಡವೂ ಇಲ್ಲ, ಮಳೆಯೂ ಇಲ್ಲ ಅನ್ನುವ ದಿನ ಸುಮ್ನೆ ಬಿಡೋ ಹಾಗಿಲ್ಲ. ಆ ಮನೆಯಲ್ಲೂ ಒಂದು ಗೀಟು ಎಳೆಯಬೇಕು.