ಗಾರ್ಡಿ ಹೌ ಬಾಯಿ ಬಿಡದ ವರ್ಷ

1946ರಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಜನರಲ್ ಮ್ಯಾನೇಜರ್ ಜ್ಯಾಕ್ ಆಡಮ್ಸ್ 18ರ ಹುಡುಗನೊಬ್ಬನ ಮುಂದೆ ಕಾಂಟ್ರಾಕ್ಟ್ ಇಟ್ಟ. ಹುಡುಗ ಸಹಿ ಹಾಕಲಿಲ್ಲ. ತಕರಾರು ಸಂಬಳದ್ದಲ್ಲ. ಹಿಂದೆ ಸಹಿ ಹಾಕಿಸಿಕೊಳ್ಳುವಾಗ ಕೊಡ್ತೀವಿ ಅಂದಿದ್ದ ತಂಡದ ಜಾಕೆಟ್ ಇನ್ನೂ ಕೈಗೆ ಬಂದಿರಲಿಲ್ಲ. ಜಾಕೆಟ್ ಗಟ್ಟಿಯಾದ ಮೇಲೆ ಸಹಿ ಬಿತ್ತು. ಆ ಹುಡುಗ ಗಾರ್ಡಿ ಹೌ. ಮುಂದೆ 25 ಸೀಸನ್ ಡೆಟ್ರಾಯಿಟ್‌ಗೆ ಆಡಿ ‘ಮಿಸ್ಟರ್ ಹಾಕಿ’ ಅನ್ನಿಸಿಕೊಂಡ.

ಹಾಕಿ ಅಂದರೆ ಇಲ್ಲಿ ನಮ್ಮ ಕೊಡಗಿನ ಹಾಕಿ ಅಲ್ಲ, ಐಸ್ ಹಾಕಿ. 1942ರಿಂದ 1967ರವರೆಗೆ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಇದ್ದದ್ದು ಆರೇ ತಂಡ: ಮಾಂಟ್ರಿಯಲ್, ಟೊರಾಂಟೊ, ಡೆಟ್ರಾಯಿಟ್, ಶಿಕಾಗೊ, ಬಾಸ್ಟನ್, ನ್ಯೂಯಾರ್ಕ್. ಎಲ್ಲ ಸೇರಿ ನೂರು ಚಿಲ್ಲರೆ ಕೆಲಸ. ಆಡೋಕೆ ತಯಾರಿದ್ದ ಹುಡುಗರು ಕೆನಡಾದ ಹೊಲಗಳಲ್ಲಿ, ಗಣಿ ಊರುಗಳಲ್ಲಿ ಸಾವಿರಗಟ್ಟಲೆ. ಹೀಗಿದ್ದಾಗ ಬೆಲೆ ಯಾರು ಕಟ್ತಾರೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಇದಕ್ಕೆ ಬೀಗ ಹಾಕಿದ್ದು ‘ಸಿ ಫಾರ್ಮ್’ ಅನ್ನೋ ಕಾಗದ. ಹುಡುಗ ಇನ್ನೂ ಜೂನಿಯರ್ ಆಡುತ್ತಿರುವಾಗಲೇ ನೂರು ಡಾಲರ್ ಆಸುಪಾಸಿನ ಹಣ ಕೊಟ್ಟು ಇದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಆಮೇಲೆ ಅವನು ಆ ತಂಡದ ಸ್ವತ್ತು. ತಂಡ ಅವನನ್ನು ಮಾರಬಹುದು, ಸಣ್ಣ ಲೀಗಿಗೆ ಇಳಿಸಬಹುದು. ಅವನಾಗಿಯೇ ಬೇರೆ ತಂಡಕ್ಕೆ ಹೋಗುವಂತಿಲ್ಲ. ಬೇಸ್‌ಬಾಲ್‌ನಲ್ಲೂ ಇದೇ ಕತೆ, ಅಲ್ಲಿ ಅದರ ಹೆಸರು ‘ರಿಸರ್ವ್ ಕ್ಲಾಜ್’. ಆದರೆ ಬೇಸ್‌ಬಾಲ್‌ನಲ್ಲಿ ಮಾಲೀಕರಾದರೂ ಬೇರೆ ಬೇರೆ ಮನೆಯವರು. ಇಲ್ಲಿ ನಾರಿಸ್ ಕುಟುಂಬದ ಕೈಯಲ್ಲಿ ಡೆಟ್ರಾಯಿಟ್ ಇತ್ತು, ಶಿಕಾಗೊ ಇತ್ತು, ನ್ಯೂಯಾರ್ಕ್‌ನಲ್ಲೂ ಪಾಲಿತ್ತು. ಆರರಲ್ಲಿ ಮೂರು ಕಡೆ ಒಂದೇ ಮನೆಯ ಮಾತು ನಡೆಯುವಾಗ ಪೈಪೋಟಿ ಎಲ್ಲಿಂದ ಬರಬೇಕು?

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನೆ ಮಾಡಿದವನು ಹೌ ಪಕ್ಕದಲ್ಲೇ ಆಡುತ್ತಿದ್ದ ಟೆಡ್ ಲಿಂಡ್ಸೆ. ಕಿರ್ಕ್‌ಲ್ಯಾಂಡ್ ಲೇಕ್ ಎಂಬ ಗಣಿ ಊರಲ್ಲಿ ಬೆಳೆದವನು. ಆಳು ಕುಳ್ಳ, ಹೊಡೆದಾಟಕ್ಕೆ ಸದಾ ಸಿದ್ಧ, ಮುಖದ ತುಂಬಾ ಹೊಲಿಗೆ. ಅಡ್ಡಹೆಸರೇ ‘ಟೆರಿಬಲ್ ಟೆಡ್’. ಅವನು, ಹೌ, ಸಿಡ್ ಏಬಲ್ ಮೂವರ ಸಾಲಿಗೆ ‘ಪ್ರೊಡಕ್ಷನ್ ಲೈನ್’ ಅಂತ ಹೆಸರು. ಡೆಟ್ರಾಯಿಟ್ ಕಾರ್ ಫ್ಯಾಕ್ಟರಿಗಳ ಊರು ತಾನೇ. 1950ರಿಂದ 1955ರೊಳಗೆ ತಂಡ ನಾಲ್ಕು ಸಲ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು.

1947ರಲ್ಲಿ ಲೀಗ್ ಪಿಂಚಣಿ ಯೋಜನೆ ಶುರು ಮಾಡಿತ್ತು. ಆಟಗಾರ ವರ್ಷಕ್ಕೆ 900 ಡಾಲರ್ ಕಟ್ಟಬೇಕು. ಆಗಿನ ಅವರ ಸಂಬಳದಲ್ಲಿ ಅದು ಸಣ್ಣ ಮೊತ್ತವೇನಲ್ಲ. ಆಟಗಾರರ ಪರವಾಗಿ ಪಿಂಚಣಿ ಮಂಡಳಿಯಲ್ಲಿ ಕೂತವರು ಲಿಂಡ್ಸೆ ಮತ್ತು ಮಾಂಟ್ರಿಯಲ್‌ನ ಡಗ್ ಹಾರ್ವಿ. ಲೆಕ್ಕದ ಪುಸ್ತಕ ತೋರಿಸಿ ಅಂತ ಇಬ್ಬರೂ ಕೇಳಿದರು. ತೋರಿಸಲಿಲ್ಲ. ನಮ್ಮ ದುಡ್ಡು, ಲೆಕ್ಕ ನಮಗೇ ಇಲ್ಲ ಅಂದರೆ ಯಾರಿಗೂ ಅನುಮಾನ ಬರುತ್ತೆ. ಅಷ್ಟರಲ್ಲಿ ಟೀವಿಯೂ ಬಂದಿತ್ತು. ಅದರ ದುಡ್ಡು ಹೋಗಿದ್ದು ಮಾಲೀಕರ ಜೇಬಿಗೆ.

ಬೇಸ್‌ಬಾಲ್ ಆಟಗಾರರ ಕೇಸು ನೋಡಿದ್ದ ನ್ಯೂಯಾರ್ಕ್ ವಕೀಲರನ್ನು ಲಿಂಡ್ಸೆ ಹಿಡಿದ. ಆಟಗಾರರ ಸಂಘ ಕಟ್ಟೋಣ ಅಂತ ಆರೂ ತಂಡಗಳವರನ್ನು ಗುಟ್ಟಾಗಿ ಮಾತಾಡಿಸಿದ. ಎದುರಾಳಿ ತಂಡದವನ ಜೊತೆ ಹರಟೆ ಹೊಡೆದರೇ ಕಣ್ಣು ಕೆಂಪಾಗುತ್ತಿದ್ದ ಕಾಲ ಅದು. ಆದರೂ ಟೊರಾಂಟೊದ ಟೆಡ್ ಕೆನಡಿ ಒಬ್ಬನನ್ನು ಬಿಟ್ಟು ಎಲ್ಲರೂ ಸೇರಿದರು. ತಲಾ 100 ಡಾಲರ್ ಕೊಟ್ಟರು. 1957ರ ಫೆಬ್ರವರಿಯಲ್ಲಿ ಸಂಘದ ಘೋಷಣೆಯಾಯಿತು. ಅಧ್ಯಕ್ಷ ಲಿಂಡ್ಸೆ. ಮಾಲೀಕರಿಗೆ ಅಲ್ಲಿಯವರೆಗೆ ಸುಳಿವೂ ಸಿಕ್ಕಿರಲಿಲ್ಲ.

ಆಮೇಲೆ ಆಟ ಶುರುವಾಯಿತು. ಆ ಸೀಸನ್ ಲಿಂಡ್ಸೆ 85 ಪಾಯಿಂಟ್ (ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಗಳಿಸಿದ್ದ, ಅವನ ವೃತ್ತಿಯಲ್ಲೇ ಅತಿ ಹೆಚ್ಚು. ಅದೇ ಜುಲೈನಲ್ಲಿ ಅವನನ್ನು ಶಿಕಾಗೊಗೆ ಸಾಗಹಾಕಿದರು. ಆಗ ಶಿಕಾಗೊ ಅಂದರೆ ಲೀಗಿನ ತಳ, ಒಂಥರಾ ಶಿಕ್ಷೆಯ ಊರು. ಆಡಮ್ಸ್ ಅಷ್ಟಕ್ಕೇ ಸುಮ್ನಾಗಲಿಲ್ಲ. ಲಿಂಡ್ಸೆಯದು ಅಂತ ನಕಲಿ ಕಾಂಟ್ರಾಕ್ಟ್ ಒಂದನ್ನು ಪತ್ರಕರ್ತರಿಗೆ ತೋರಿಸಿದ. ಅದರಲ್ಲಿದ್ದ ಸಂಬಳ ನಿಜಕ್ಕಿಂತ ಎಷ್ಟೋ ಜಾಸ್ತಿ. ನೋಡಿ, ಇಷ್ಟು ತಿಂದೂ ಹೀಗೆ ಮಾಡ್ತಾನೆ ಅನ್ನಿಸಬೇಕಿತ್ತು, ಅನ್ನಿಸಿತು. ಆ ಸೀಸನ್ ಶುರುವಾದಾಗ ಟೊರಾಂಟೊದ ಕ್ಯಾಪ್ಟನ್ ಆಗಿದ್ದ ಜಿಮ್ಮಿ ಥಾಮ್ಸನ್‌ನನ್ನೂ ಅದೇ ಶಿಕಾಗೊಗೆ ಕಳಿಸಿದರು. ಹಾರ್ವಿ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ, ಹಾಗಾಗಿ 1961ರವರೆಗೆ ಮಾಂಟ್ರಿಯಲ್‌ನಲ್ಲೇ ಉಳಿದುಕೊಂಡ. ಆ ಸ್ಥಾನದ ಟ್ರೋಫಿ ಅವನಿಗೆ ಏಳು ಸಲ ಬಂತು. ಟ್ರೋಫಿಗೆ ಇಟ್ಟಿದ್ದ ಹೆಸರು? ಅದೇ ಮಾಲೀಕರ ಮನೆಯ ಹಿರಿಯ ಜೇಮ್ಸ್ ನಾರಿಸ್‌ದು!

ಆದರೆ ಸಂಘ ನಿಜವಾಗಿ ಮುರಿದದ್ದು 1957ರ ನವೆಂಬರಿನಲ್ಲಿ. ಮುರಿದವರು ಲಿಂಡ್ಸೆಯ ಹಳೇ ತಂಡದವರೇ. ಡೆಟ್ರಾಯಿಟ್ ಆಟಗಾರರು ಸಂಘದಿಂದ ಹೊರಬಂದರು. ಕ್ಯಾಪ್ಟನ್ ರೆಡ್ ಕೆಲ್ಲಿ ತಡೆಯಲಿಲ್ಲ, ಹೌ ಕೂಡ ತಡೆಯಲಿಲ್ಲ. ನನ್ನ ಮಟ್ಟಿಗೆ ಇಡೀ ಕತೆಯ ಗಂಟು ಇರೋದು ಇಲ್ಲೇ. ಸಾಮಾನ್ಯ ಆಟಗಾರನೊಬ್ಬ ತಲೆ ಎತ್ತಿದರೆ ಮರುದಿನ ಅವನ ಜಾಗಕ್ಕೆ ಬೇರೊಬ್ಬ. ಹೌನನ್ನು ಹಾಗೆ ತೆಗೆದುಹಾಕೋಕೆ ಆಡಮ್ಸ್‌ಗೂ ಆಗುತ್ತಿರಲಿಲ್ಲ. ಅವನು ಒಂದು ಮಾತು ಆಡಿದ್ದರೆ ತೂಕವೇ ಬೇರೆ ಇರುತ್ತಿತ್ತು. ಹಾಗಂತ ಅವನನ್ನು ಹೇಡಿ ಅನ್ನೋಕೆ ನನಗೆ ಮನಸ್ಸಿಲ್ಲ. ಲಿಂಡ್ಸೆಗೆ ಗೆಳೆಯ ಮಾರ್ಟಿ ಪ್ಯಾವಲಿಚ್ ಜೊತೆ ಸ್ವಂತ ವ್ಯಾಪಾರ ಇತ್ತು, ಹಾಕಿ ಕೈಬಿಟ್ಟರೂ ಊಟಕ್ಕೆ ತೊಂದರೆ ಇರಲಿಲ್ಲ. ಹೌ ಬಂದದ್ದು ಕೆನಡಾದ ಸಸ್ಕಾಚೆವಾನ್‌ನ ಬಡ ಮನೆಯಿಂದ. ತಂಡ ನನ್ನನ್ನು ಚೆನ್ನಾಗಿ ನೋಡಿಕೊಳ್ತಿದೆ ಅಂತ ಅವನು ನಿಜವಾಗಿಯೂ ನಂಬಿದ್ದ.

ಮಾಂಟ್ರಿಯಲ್ ಆಟಗಾರರೂ ಹಿಂದೆ ಸರಿದರು. ಸಂಘ ಹೂಡಿದ್ದ ಆ್ಯಂಟಿಟ್ರಸ್ಟ್ ಕೇಸು, ಅಂದರೆ ಏಕಸ್ವಾಮ್ಯದ ವಿರುದ್ಧದ ಕೇಸು, 1958ರ ಫೆಬ್ರವರಿಯಲ್ಲಿ ಕೋರ್ಟಿನ ಹೊರಗೆ ಬಗೆಹರಿಯಿತು. ಕನಿಷ್ಠ ಸಂಬಳ 7,000 ಡಾಲರ್, ಪಿಂಚಣಿ, ಆಸ್ಪತ್ರೆ ಖರ್ಚಿನಲ್ಲಿ ಸ್ವಲ್ಪ ಏರಿಕೆ. ಸಂಘ ಮಾತ್ರ ಸತ್ತಿತು.

ಹೌ ಕಣ್ಣು ತೆರೆದದ್ದು ಹತ್ತು ವರ್ಷ ತಡವಾಗಿ. 1968ರಲ್ಲಿ ಡೆಟ್ರಾಯಿಟ್‌ಗೆ ಬಂದ ಬಾಬ್ ಬೌನ್ ತನ್ನ ಸಂಬಳ ಎಷ್ಟು ಅಂತ ಅವನಿಗೆ ಹೇಳಿದ. ಬೌನ್ ಗಟ್ಟಿ ಆಟಗಾರನೇ, ಆದರೆ ಹೌ ಸಮಕ್ಕೆ ಯಾರೂ ಇಡೋದಿಲ್ಲ. ಅವನಿಗೆ ಬರ್ತಿದ್ದದ್ದು ಹೌಗಿಂತ ಜಾಸ್ತಿ! ಹೌ ಕೇಳಿದ, ಸಂಬಳ 100,000 ಡಾಲರ್ ಆಯಿತು. ಕೇಳಿದ್ದಕ್ಕೆ ಸಿಕ್ಕಿತು, ಅಷ್ಟೇ.

1967ರಲ್ಲಿ ಟೊರಾಂಟೊ ವಕೀಲ ಅಲನ್ ಈಗಲ್ಸನ್ ಮುಂದಾಳತ್ವದಲ್ಲಿ ಹೊಸ ಸಂಘ ಹುಟ್ಟಿತ್ತು. ಇವನ ಕತೆ ಇನ್ನೂ ಕೆಟ್ಟದ್ದು. ಸಂಘ ನಡೆಸುತ್ತಲೇ ಮಾಡಿದ ವಂಚನೆಯನ್ನು 1998ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡು ಜೈಲಿಗೆ ಹೋದ.

ಪಿಂಚಣಿಯ ಲೆಕ್ಕ ಕೊನೆಗೂ ಬಯಲಾದದ್ದು 1990ರ ದಶಕದಲ್ಲಿ. ಲೀಗಿನಲ್ಲಿ 26 ಸೀಸನ್ ಆಡಿದ ಹೌಗೆ ಬರುತ್ತಿದ್ದ ಪಿಂಚಣಿ ವರ್ಷಕ್ಕೆ 15,000 ಡಾಲರ್ ಕೂಡ ಇರಲಿಲ್ಲ. ನಿಧಿಯಲ್ಲಿ ಹೆಚ್ಚುವರಿ ಹಣ ಉಳಿದಿತ್ತು, ಅದನ್ನು ಲೀಗ್ ತನ್ನ ಅನುಕೂಲಕ್ಕೆ ಬಳಸಿಕೊಂಡಿತ್ತು. ಕಾರ್ಲ್ ಬ್ರೂವರ್, ಬಾಬಿ ಹಲ್ ಮುಂತಾದ ಹಳಬರ ಜೊತೆ ಈ ಸಲ ಹೌ ಕೂಡ ಕೇಸಿಗೆ ಹೆಸರು ಕೊಟ್ಟ. 1992ರಲ್ಲಿ ಒಂಟಾರಿಯೊ ಕೋರ್ಟು ಆಟಗಾರರ ಪರ ತೀರ್ಪು ಕೊಟ್ಟಿತು. 1994ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಲೀಗಿನ ಮೇಲ್ಮನವಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಲೀಗ್ ಸುಮಾರು 4 ಕೋಟಿ ಡಾಲರ್ ವಾಪಸ್ ಕೊಡಬೇಕಾಯಿತು. ಲೆಕ್ಕ ಕೇಳಿದ್ದ ಡಗ್ ಹಾರ್ವಿ ಅದಾಗಲೇ 1989ರಲ್ಲಿ ತೀರಿಕೊಂಡಿದ್ದ.

ಲಿಂಡ್ಸೆ 2019ರವರೆಗೆ ಬದುಕಿದ್ದ. ಆಟಗಾರರೇ ಮತ ಹಾಕಿ ವರ್ಷದ ಶ್ರೇಷ್ಠ ಆಟಗಾರನನ್ನು ಆರಿಸುವ ಪ್ರಶಸ್ತಿಗೆ ಮೊದಲು ಕೆನಡಾದ ಮಾಜಿ ಪ್ರಧಾನಿ ಲೆಸ್ಟರ್ ಪಿಯರ್ಸನ್ ಹೆಸರಿತ್ತು. 2010ರಲ್ಲಿ ಆಟಗಾರರ ಸಂಘ ಅದನ್ನು ತೆಗೆದು ಟೆಡ್ ಲಿಂಡ್ಸೆ ಹೆಸರಿಟ್ಟಿತು.