ಹಾರದೆ ಕುಳಿತ ಗೂಬೆ ಸಾಧುವಲ್ಲ

ಚಳಿ ಇಳಿಯುತ್ತಿದ್ದಂತೆ ನನ್ನ ಮೊಬೈಲಿಗೆ ಒಂದೇ ಬಗೆಯ ಚಿತ್ರಗಳು ಬರತೊಡಗುತ್ತವೆ. ಬಂಡೆಯ ಸಂದಿನಲ್ಲಿ ಕೊಂಬಿನ ಗೂಬೆ, ಕಿತ್ತಳೆ ಕಣ್ಣು ಅಗಲಿಸಿ ನೇರ ಕ್ಯಾಮೆರಾವನ್ನೇ ನೋಡುತ್ತಿರುತ್ತದೆ. ಜೊತೆಗೊಂದು ಸಾಲು: “ಸರ್, ಎಷ್ಟು ಹತ್ತಿರ ಹೋದರೂ ಹಾರಲಿಲ್ಲ, ತುಂಬಾ ಸಾಧು.”

ಸಾಧುವಲ್ಲ. ಅದರ ಹೊಟ್ಟೆಯಡಿ ಮೊಟ್ಟೆಗಳಿವೆ. ಹಾರಲಿಲ್ಲವೆಂದರೆ ತೊಂದರೆಯಾಗಲಿಲ್ಲ ಎಂದು ಓದಿದವರೂ ನಂಬುತ್ತಾರೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಮಾತು. ಹಗಲಲ್ಲಿ ನೆಮ್ಮದಿಯಾಗಿರುವ ಗೂಬೆ ಕಣ್ಣನ್ನು ಸಣ್ಣ ಸೀಳಿನಷ್ಟು ಮಾತ್ರ ತೆರೆದಿರುತ್ತದೆ. ನಿಮ್ಮ ಚಿತ್ರದಲ್ಲಿ ಕಣ್ಣು ಪೂರ್ತಿ ಅರಳಿದ್ದು, ಮೈ ನೆಲಕ್ಕೆ ಒತ್ತಿಕೊಂಡಿದ್ದರೆ ಅದು ಹೆದರಿಕೆ. ಆದರೂ ಏಳುವುದಿಲ್ಲ, ಏಕೆಂದರೆ ಎದ್ದರೆ ಕಳೆದುಕೊಳ್ಳುವುದು ಹೆಚ್ಚು. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿಯ ಮಣ್ಣಿನ ಮೇಲೆ ಮೊಟ್ಟೆಯಿಟ್ಟು ಒಂದು ತಿಂಗಳಿಗೂ ಮೇಲೆ ಕಾವು ಕೂರುತ್ತದೆ. ಮಾರ್ಚ್ ಮಧ್ಯಾಹ್ನ ಆ ಬಂಡೆಯ ಮೇಲೆ ಅಂಗೈ ಇಟ್ಟು ನೋಡಿ. ಆ ಹೊತ್ತಿನಲ್ಲಿ ತಾಯಿ ಮೊಟ್ಟೆಗೆ ನೆರಳಾಗಿರುತ್ತದೆ. ಅದನ್ನು ಎಬ್ಬಿಸಿದರೆ ಕಾಗೆಗಳು ಮುತ್ತಿಕೊಂಡು ಅಟ್ಟಿಸಿಕೊಂಡು ಹೋಗುತ್ತವೆ, ಇತ್ತ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ.

ಪಾಳುಬಿದ್ದ ಕಲ್ಲುಕ್ವಾರಿಯೊಂದರಲ್ಲಿ ನಮ್ಮ ತಂಡದ ಹುಡುಗನೊಬ್ಬ “ಒಂದೇ ಫೋಟೊ” ಎಂದು ಮುಂದೆ ಹೋದ. ಗೂಬೆ ಕೆಳಗೆ ಬಿದ್ದು ರೆಕ್ಕೆ ಎಳೆಯತೊಡಗಿತು. ಪೆಟ್ಟಾಗಿದೆಯೆಂದು ಗಾಬರಿಯಾಗಿ ಅವನು ಹಿಂದೆಯೇ ಓಡಿದ. ಒಳ್ಳೆಯ ಮನಸ್ಸಿನ ಹುಡುಗ. ಪೆಟ್ಟೇನೂ ಆಗಿರಲಿಲ್ಲ, ಅವನನ್ನು ಮೊಟ್ಟೆಯಿಂದ ದೂರ ಸೆಳೆಯುತ್ತಿತ್ತು. ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ನೋಡಿ, “ನೀವು ಎದ್ದು ಹೋಗಿ ಸ್ವಾಮಿ, ಅದು ತಾನಾಗಿ ಬರುತ್ತದೆ” ಎಂದ. ಕ್ವಾರಿಯ ಎದುರು ದಡಕ್ಕೆ ಹೋಗಿ ಪೊದೆಯ ಹಿಂದೆ ಕುಳಿತ ಮೇಲೆಯೇ ಅದು ಮರಳಿದ್ದು.

ಎಷ್ಟು ದೂರ ನಿಲ್ಲಬೇಕೆಂದು ಕೇಳುತ್ತೀರಿ. ಮೀಟರಿನ ಲೆಕ್ಕ ಕೊಡಲು ನನಗೆ ಧೈರ್ಯವಿಲ್ಲ. ಜಾಗ, ಹಕ್ಕಿ, ಮೊಟ್ಟೆಯೋ ಮರಿಯೋ ಎಂಬುದರ ಮೇಲೆ ಅದು ಬದಲಾಗುತ್ತದೆ. ಅರೆಮುಚ್ಚಿದ ಕಣ್ಣು ನಿಮ್ಮಿಂದಾಗಿ ತೆರೆಯಿತೆಂದರೆ ಆಗಲೇ ಹತ್ತಿರವಾಗಿದ್ದೀರಿ, ಹಿಂದೆ ಸರಿಯಿರಿ. ಎದುರು ದಡದಿಂದ ಬೈನಾಕ್ಯುಲರಿನಲ್ಲಿ ನೋಡಿ, ಗೂಡಿನ ನೆತ್ತಿಯ ಮೇಲೆ ಮಾತ್ರ ನಿಲ್ಲಬೇಡಿ. ಚಿತ್ರ ಹಂಚುವಾಗ ಊರಿನ ಹೆಸರು ಬೇಡ.

ಬಂಡೆಯಲ್ಲಿ ಗೂಡು ಮಾಡುವ ಬೇರೆ ಹಕ್ಕಿಗಳಿಗೂ ಈ ಮಾತು ಸಲ್ಲುತ್ತದೆ. ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಅಲ್ಲಿನ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅಂಥ ಕಡೆ ಡ್ರೋನ್ ಹಾರಿಸುವ ಯೋಚನೆಯನ್ನೇ ಬಿಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಗೂಡು, ಮೊಟ್ಟೆಗಳನ್ನು ಕದಡುವುದೂ ಬೇಟೆಯೇ.

ಗೂಬೆಯ ಮರಿಗಳು ಹಾರಲು ಕಲಿಯುವ ಮೊದಲೇ ಬಂಡೆಯಿಂದ ಇಳಿದು ನಡೆದಾಡುತ್ತವೆ. ನೆಲದಲ್ಲಿ ಕಂಡರೆ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮನೆಗೆ ತರಬೇಡಿ. ರೆಕ್ಕೆ ಜೋತುಬಿದ್ದಿದ್ದರೆ, ನಾಯಿ ಕಚ್ಚಿದ್ದರೆ ಅರಣ್ಯ ಇಲಾಖೆಗೆ ಕರೆ ಮಾಡಿ. ಇಲ್ಲವಾದರೆ ಬಂದ ದಾರಿಯಲ್ಲೇ ಹಿಂದಿರುಗಿ. ಕತ್ತಲಾದ ಮೇಲೆ ತಾಯಿ ಇಲಿ ಹಿಡಿದು ತಂದು ಅಲ್ಲಿಯೇ ತಿನ್ನಿಸುತ್ತದೆ.